ಗಾಜಿನೊಳಗೂ ಬ್ಯಾಟರಿಯೊಳಗೂ ಅಯಾನುಗಳ ಓಡಾಟ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು ಅಂತ ಒಂದು ಇಪ್ಪತ್ತು ನಿಮಿಷ ಮಾತಾಡಿ" ಅಂದರು. ಆ ವಿಷಯ ಮೊಬೈಲಿನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಅದಕ್ಕೆ ಅವರ ಒಪ್ಪಿಗೆ ಪಡೆದೇ ವಿಷಯ ಬದಲಾಯಿಸಿಕೊಂಡು ಬಂದಿದ್ದೇನೆ. ನನ್ನ ಕೆಲಸ ಸಾಫ್ಟ್‌ವೇರೇ ಹೌದು. ಆದರೆ ನಾನು ಬರೆಯುವ ಪ್ರೋಗ್ರಾಮು ಬ್ಯಾಂಕಿನದಲ್ಲ, ಆ್ಯಪಿನದೂ ಅಲ್ಲ. ಎಲೆಕ್ಟ್ರಿಕ್ ಆಟೊ, ಸ್ಕೂಟರುಗಳ ಬ್ಯಾಟರಿ ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಬೋರ್ಡ್ ಇರುತ್ತದೆ, ಅದರ ಮೇಲೆ ಓಡುವಂಥದ್ದು. ಎಷ್ಟು ಚಾರ್ಜ್ ಉಳಿದಿದೆ, ಈಗ ಎಷ್ಟು ಕರೆಂಟು ಒಳಗೆ ಬಿಡಬಹುದು, ಯಾವಾಗ ನಿಲ್ಲಿಸಬೇಕು ಎನ್ನುವುದನ್ನು ಅದು ತೀರ್ಮಾನಿಸುತ್ತದೆ. ಅದಕ್ಕೆ ಹೊರಗಿನಿಂದ ಸಿಗುವ ಮಾಹಿತಿ ಮೂರೇ: ವೋಲ್ಟೇಜು, ಕರೆಂಟು, ಉಷ್ಣತೆ. ಒಳಗೆ ನಿಜವಾಗಿ ನಡೆಯುತ್ತಿರುವುದು ಅಯಾನುಗಳ ಓಡಾಟ. ಅದು ನಮಗೆ ಕಾಣುವುದಿಲ್ಲ. ಲೆಕ್ಕ ಹಾಕಿ ತಿಳಿಯಬೇಕು. ಬಿ.ಇ.ಯಲ್ಲಿ ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ರಸಾಯನಶಾಸ್ತ್ರ ಮೊದಲ ವರ್ಷಕ್ಕೇ ಮುಗಿದುಹೋಯಿತು. ಹಾಗಾಗಿ ಅಯಾನಿನ ಬಗ್ಗೆ ನನ್ನ ತಳಪಾಯ ಈ ಶಾಲೆಯಲ್ಲೇ ಹಾಕಿದ್ದು.

ಮೊದಲು ಆ ಪದದ ವಿಷಯ. 1834ರಲ್ಲಿ ಮೈಕೆಲ್ ಫ್ಯಾರಡೆಗೆ ವಿಲಿಯಂ ಹ್ಯೂವೆಲ್ ಎಂಬ ವಿದ್ವಾಂಸರು ಗ್ರೀಕಿನಿಂದ ಆರಿಸಿ ಕೊಟ್ಟ ಪದ ಅದು. ಅರ್ಥ 'ಹೋಗುವಂಥದ್ದು'. ಕನ್ನಡ ಮೇಷ್ಟ್ರು ಇಲ್ಲೇ ಇದ್ದಾರೆ, ಅವರಿಗೆ ಇಷ್ಟವಾಗಬಹುದು: ಉತ್ತರಾಯಣ, ದಕ್ಷಿಣಾಯನ ಎನ್ನುವಲ್ಲಿನ 'ಅಯನ'ಕ್ಕೂ ಹೋಗುವುದು ಎಂದೇ ಅರ್ಥ. ಗ್ರೀಕಿನದೂ ಸಂಸ್ಕೃತದ್ದೂ ಒಂದೇ ಮೂಲಧಾತುವಿನಿಂದ ಬಂದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸೂರ್ಯನ ಪಯಣಕ್ಕೂ ಸೋಡಿಯಂನ ಪಯಣಕ್ಕೂ ಒಂದೇ ಮಾತು.

ಪಾಠದಲ್ಲಿ ನೀವು ಓದುವುದು ನೀರಿನಲ್ಲಿ ಹೋಗುವ ಅಯಾನು. ಉಪ್ಪು ಕರಗಿತು, ಸೋಡಿಯಂ ಒಂದು ಕಡೆ, ಕ್ಲೋರೈಡ್ ಇನ್ನೊಂದು ಕಡೆ. ಗಟ್ಟಿ ವಸ್ತುವಿನಲ್ಲಿ ಅಯಾನು ತನ್ನ ಜಾಗದಲ್ಲಿ ಅಂಟಿಕೊಂಡಿರುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಲೆಡ್ ಫ್ಲೋರೈಡ್ ಎಂಬ ಘನವಸ್ತು ಕಾಯಿಸಿದಾಗ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂಬುದನ್ನು ಫ್ಯಾರಡೆಯೇ 1830ರ ದಶಕದಲ್ಲಿ ಗಮನಿಸಿದ್ದರು. 1884ರಲ್ಲಿ ಜರ್ಮನಿಯ ಎಮಿಲ್ ವಾರ್ಬುರ್ಗ್, ಕಾಯಿಸಿದ ಗಾಜಿನಲ್ಲಿ ಕರೆಂಟನ್ನು ಹೊತ್ತು ಸಾಗುವುದು ಸೋಡಿಯಂ ಅಯಾನು ಎಂದು ತೋರಿಸಿದರು. ಗಾಜು ಕರಗಿರಲಿಲ್ಲ, ಗಟ್ಟಿಯಾಗಿಯೇ ಇತ್ತು.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ಪ್ರಯೋಗ 1925ರದು, ಅಮೆರಿಕದ ಆರ್. ಸಿ. ಬರ್ಟ್ ಅವರದು. ಹಳೇ ಕಾಲದ ತಂತಿ ಬಲ್ಬು ನೋಡಿದ್ದೀರಲ್ಲ, ಅದನ್ನು ಉರಿಸಿ, ಕೆಳಭಾಗವನ್ನು ಕರಗಿದ ಸೋಡಿಯಂ ನೈಟ್ರೇಟಿನಲ್ಲಿ ಅದ್ದುತ್ತಾರೆ. ಆ ಲವಣ ಕರಗುವುದು ಸುಮಾರು 308 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲವಣಕ್ಕೆ ಧನ ವೋಲ್ಟೇಜು ಕೊಡುತ್ತಾರೆ. ಬಿಸಿ ತಂತಿಯಿಂದ ಹಾರಿದ ಎಲೆಕ್ಟ್ರಾನುಗಳು ಗಾಜಿನ ಒಳಮೈಗೆ ಬಂದು ಬೀಳುತ್ತವೆ. ಗಾಜಿನೊಳಗಿನ ಸೋಡಿಯಂ ಅಯಾನುಗಳು ಅವುಗಳ ಕಡೆಗೆ ಸರಿಯುತ್ತವೆ, ಎಲೆಕ್ಟ್ರಾನ್ ಪಡೆದು ಲೋಹವಾಗುತ್ತವೆ. ಖಾಲಿಯಾದ ಜಾಗಕ್ಕೆ ಹೊರಗಿನ ಲವಣದಿಂದ ಹೊಸ ಸೋಡಿಯಂ ಬಂದು ಸೇರುತ್ತದೆ. ಸ್ವಲ್ಪ ಹೊತ್ತಿಗೆ ಬಲ್ಬಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಶುದ್ಧ ಸೋಡಿಯಂ ಲೋಹ! ಬಲ್ಬು ಒಡೆದಿಲ್ಲ, ತೂತಾಗಿಲ್ಲ, ಒಳಗೆ ಗಾಳಿಯೂ ಹೋಗಿಲ್ಲ. ಗಾಳಿ ನುಸುಳಲಾರದ ಗೋಡೆಯನ್ನು ಸೋಡಿಯಂ ದಾಟಿ ಬಂದಿದೆ. (ಮಕ್ಕಳೇ, ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಕರಗಿದ ನೈಟ್ರೇಟು ಅಪಾಯ, ಸೋಡಿಯಂ ಇನ್ನೂ ಅಪಾಯ.)

ಇದು ಹೇಗೆ ಸಾಧ್ಯ? ಬೆಳಗಿನ ಪ್ರಾರ್ಥನೆಗೆ ನೀವು ಸಾಲಾಗಿ ನಿಲ್ಲುತ್ತೀರಲ್ಲ, ಹರಳು ಎಂದರೆ ಹಾಗೆ. ಪ್ರತಿ ಪರಮಾಣುವಿಗೂ ಗೊತ್ತಾದ ಜಾಗ. ಊಟದ ಗಂಟೆ ಹೊಡೆದ ಮೇಲೆ ಇದೇ ಅಂಗಳ ಹೇಗಿರುತ್ತದೋ ಗಾಜು ಹಾಗೆ. ಪಕ್ಕದವರ ಕೈ ಹಿಡಿದಿರುತ್ತೀರಿ, ಆದರೆ ಸಾಲಿಲ್ಲ. ಇದಕ್ಕೆ ಅಸ್ಫಟಿಕ ವಸ್ತು ಎನ್ನುತ್ತಾರೆ. ಕಿಟಕಿ ಗಾಜಿನಲ್ಲಿ ಸಿಲಿಕಾನಿಗೆ ನಾಲ್ಕು ಆಕ್ಸಿಜನ್ ಕೈಗಳು, ಆ ಕೈಗಳಿಗೆ ಮತ್ತೆ ಸಿಲಿಕಾನ್, ಹೀಗೆ ಸೊಟ್ಟಪಟ್ಟ ಬಲೆ. ಇದಕ್ಕೆ ಸೋಡ ಬೆರೆಸಿದಾಗ ಅಲ್ಲಲ್ಲಿ ಕೈ ಬಿಟ್ಟುಹೋಗುತ್ತದೆ. ಬಿಟ್ಟ ಕೈಗೆ ಋಣ ಆವೇಶ, ಅದರ ಪಕ್ಕದಲ್ಲಿ ಬಂದು ಕೂರುವುದು ಧನ ಆವೇಶದ ಸೋಡಿಯಂ. ಈ ಸೋಡಿಯಂಗಳು ಗಾಜಿನ ತುಂಬ ಸಮನಾಗಿ ಹರಡಿಕೊಂಡಿರುವುದಿಲ್ಲ, ಓಣಿಗಳಂತೆ ಗುಂಪುಗೂಡಿರುತ್ತವೆ ಎಂಬ ಚಿತ್ರವನ್ನು 1985ರಲ್ಲಿ ಜಿ. ಎನ್. ಗ್ರೀವ್ಸ್ ಕೊಟ್ಟರು. ಬಲೆ ಅಲುಗಾಡದೆ ನಿಂತಿರುತ್ತದೆ. ಓಣಿಯಲ್ಲಿ ಸೋಡಿಯಂ ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಜಿಗಿಯುತ್ತದೆ.

ಜಿಗಿಯುವುದು ಎಂದೆ. ನೀರಿನಂತೆ ಹರಿಯುವುದಲ್ಲ. ಅಯಾನು ತಾನು ಕೂತ ಗುಂಡಿಯಲ್ಲಿ ಸದಾ ನಡುಗುತ್ತಿರುತ್ತದೆ, ಸೆಕೆಂಡಿಗೆ ಹೆಚ್ಚುಕಡಿಮೆ ಹತ್ತು ಲಕ್ಷ ಕೋಟಿ ಸಲ. ಪ್ರತಿ ಸಲವೂ ಪಕ್ಕದ ಬಾಗಿಲು ತಟ್ಟಿದಂತೆ. ಆ ಬಾಗಿಲು ದಾಟಲು ಅರ್ಧ ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು ಎಂದಿಟ್ಟುಕೊಳ್ಳಿ. 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು 28 ಕೋಟಿ ಸಲ ತಟ್ಟಿದರೆ ಒಂದು ಸಲ ಬಾಗಿಲು ತೆಗೆಯುತ್ತದೆ. ಆದರೂ ಸೆಕೆಂಡಿಗೆ ಸುಮಾರು 35 ಸಾವಿರ ಜಿಗಿತ ಆಗುತ್ತದೆ, ಯಾಕೆಂದರೆ ತಟ್ಟುವ ಸಂಖ್ಯೆ ಅಷ್ಟು ದೊಡ್ಡದು. ಉಷ್ಣತೆ 45 ಡಿಗ್ರಿಗೆ ಏರಿದರೆ ಜಿಗಿತ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಸೊನ್ನೆ ಡಿಗ್ರಿಗೆ ಇಳಿದರೆ ಆರನೇ ಒಂದು ಭಾಗಕ್ಕೆ ಬೀಳುತ್ತದೆ. ನನ್ನ ಕೆಲಸದಲ್ಲಿ ಉಷ್ಣತೆಗೆ ಇಷ್ಟು ಮಹತ್ವ ಯಾಕೆ ಎಂದು ಇದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತಿದೆ. 35 ಸಾವಿರ ಜಿಗಿತ ಎಂದರೆ 35 ಸಾವಿರ ಹೆಜ್ಜೆ ಮುಂದೆ ಎಂದಲ್ಲ. ಹಿಂದೆ, ಮುಂದೆ, ಪಕ್ಕಕ್ಕೆ, ದಿಕ್ಕುದೆಸೆಯಿಲ್ಲದೆ ನಡೆಯುತ್ತದೆ. ಹೀಗೆ ನಡೆದವನು ಹೊರಟ ಜಾಗದಿಂದ ಸರಾಸರಿ ಎಷ್ಟು ದೂರ ಹೋಗಿರುತ್ತಾನೆ ಎಂದರೆ ಹೆಜ್ಜೆಗಳ ವರ್ಗಮೂಲದಷ್ಟು ಮಾತ್ರ. 35 ಸಾವಿರದ ವರ್ಗಮೂಲ ಸುಮಾರು 187. ಒಂದು ಹೆಜ್ಜೆ 0.3 ನ್ಯಾನೊಮೀಟರ್ ಆದರೆ ಒಂದು ಸೆಕೆಂಡಿಗೆ ಸುಮಾರು 56 ನ್ಯಾನೊಮೀಟರ್. ಅದರ ನೂರು ಪಟ್ಟು ದೂರ, ಅಂದರೆ 5.6 ಮೈಕ್ರೊಮೀಟರ್ ಹೋಗಲು ನೂರು ಸೆಕೆಂಡು ಸಾಲದು, ಹತ್ತು ಸಾವಿರ ಸೆಕೆಂಡು ಬೇಕು. ಮೂರು ಗಂಟೆಗೆ ಸ್ವಲ್ಪ ಕಡಿಮೆ. ಇದು ಯಾವುದೋ ಒಂದು ಬ್ಯಾಟರಿಯ ನಿಖರ ಲೆಕ್ಕವಲ್ಲ, ನೋಟ್‌ಬುಕ್ಕಿನಲ್ಲಿ ನೀವೂ ಹಾಕಬಹುದಾದ ಅಂದಾಜು. ಆದರೆ ಈ ವರ್ಗದ ನಿಯಮವನ್ನು ಮರೆಯಬೇಡಿ, ಮತ್ತೆ ಬರುತ್ತದೆ.

ಗಾಜಿನಲ್ಲಿ ಒಂದು ವಿಚಿತ್ರವಿದೆ. ಸೋಡಿಯಂ ಗಾಜಿನಲ್ಲಿ ಅರ್ಧದಷ್ಟು ಸೋಡಿಯಂ ತೆಗೆದು ಪೊಟ್ಯಾಸಿಯಂ ಹಾಕಿದರೆ ಓಡಾಟ ಎರಡರ ಸರಾಸರಿಗೆ ಬರಬೇಕಲ್ಲವೇ? ಬರುವುದಿಲ್ಲ. ಎರಡಕ್ಕಿಂತಲೂ ಎಷ್ಟೋ ಪಟ್ಟು ಕೆಳಗೆ ಬೀಳುತ್ತದೆ. ಒಂದೊಂದು ಅಯಾನೂ ತಾನು ಕೂತ ಜಾಗವನ್ನು ತನ್ನ ಅಳತೆಗೆ ಒಗ್ಗಿಸಿಕೊಂಡಿರುತ್ತದೆ. ಸೋಡಿಯಂ ಎದ್ದುಹೋದ ಜಾಗ ಪೊಟ್ಯಾಸಿಯಂಗೆ ಇಕ್ಕಟ್ಟು, ಪೊಟ್ಯಾಸಿಯಂ ಬಿಟ್ಟ ಜಾಗ ಸೋಡಿಯಂಗೆ ಸಡಿಲ. ಇಬ್ಬರೂ ಒಬ್ಬರ ದಾರಿಯನ್ನು ಇನ್ನೊಬ್ಬರು ಕಟ್ಟಿ ಕೂರುತ್ತಾರೆ.

ನಿಮ್ಮ ಮನೆಯ ಮೊಬೈಲಿನ ಗಾಜು ಗಟ್ಟಿಯಾಗಿರುವುದಕ್ಕೂ ಈ ಎರಡು ಅಯಾನುಗಳ ಗಾತ್ರದ ವ್ಯತ್ಯಾಸವೇ ಕಾರಣ. ಗಾಜನ್ನು ಸುಮಾರು 400 ಡಿಗ್ರಿಯಲ್ಲಿ ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಗಂಟೆಗಟ್ಟಲೆ ಅದ್ದಿಡುತ್ತಾರೆ. ಮೇಲ್ಮೈಯಿಂದ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ. ಇಬ್ಬರು ಕೂರುವ ಬೆಂಚಿನಲ್ಲಿ ಮೂವರು ಒತ್ತರಿಸಿ ಕೂತಂತೆ ಮೇಲ್ಪದರ ಬಿಗಿಯಾಗುತ್ತದೆ. ಬಿರುಕು ಬಾಯಿ ಬಿಡಬೇಕಾದರೆ ಮೊದಲು ಆ ಬಿಗಿಯನ್ನು ಗೆಲ್ಲಬೇಕು. 1962ರಲ್ಲಿ ಎಸ್. ಎಸ್. ಕಿಸ್ಲರ್ ಇದನ್ನು ವಿವರಿಸಿದರು. ಮಣ್ಣು ಪರೀಕ್ಷೆ ಕೇಂದ್ರದಲ್ಲಿ ನಿಮ್ಮ ಹೊಲದ ಮಣ್ಣಿನ ಪಿಎಚ್ ಅಳೆಯುವ ಕಡ್ಡಿಯ ತುದಿಯಲ್ಲಿರುವ ಗಾಜಿನ ಬುಗ್ಗೆಯೂ ಇದೇ ಜಾತಿಯದು. ಅದರ ಮೇಲ್ಮೈಯಲ್ಲಿ ಹೈಡ್ರೋಜನ್ ಅಯಾನು ಸೋಡಿಯಂ ಜೊತೆ ಜಾಗ ಬದಲಾಯಿಸಿಕೊಳ್ಳುತ್ತದೆ.

ಈಗ ನನ್ನ ಹೊಟ್ಟೆಪಾಡಿನ ವಿಷಯಕ್ಕೆ ಬರುತ್ತೇನೆ.

ಲಿಥಿಯಂ ಬ್ಯಾಟರಿಯಲ್ಲಿ ಲಿಥಿಯಂ ಅಯಾನು ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗುತ್ತದೆ, ಚಾರ್ಜ್ ಮಾಡಿದಾಗ ಆ ಕಡೆ, ಗಾಡಿ ಓಡುವಾಗ ಈ ಕಡೆ. ನಡುವಿನ ಹೊಳೆ ದ್ರವ, ಅಲ್ಲಿ ತೊಂದರೆ ಕಡಿಮೆ. ತಡವಾಗುವುದು ದಡ ಹತ್ತಿ ಘನವಸ್ತುವಿನ ಒಳಗೆ ಹೋಗುವಾಗ. ಅನೇಕ ಎಲೆಕ್ಟ್ರಿಕ್ ಗಾಡಿಗಳಲ್ಲಿ ಒಂದು ದಡ ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂದ ಆ ಸಂಶೋಧನಾ ಲೇಖನದ ಮೇಲೆ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಗುಡ್‌ಇನಫ್ 2019ರಲ್ಲಿ, ತಮ್ಮ 97ನೇ ವಯಸ್ಸಿನಲ್ಲಿ ನೊಬೆಲ್ ಪಡೆದರು. ಮಧ್ಯದ ಹೆಸರನ್ನು ಮೊದಲ ಸಲ ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಮ್ಮ ಹಾಜರಿ ಪುಸ್ತಕದಲ್ಲಿ ಇರುವಂಥ ಹೆಸರು!

ಆ ವಸ್ತು ಅಗ್ಗ, ಸುರಕ್ಷಿತ, ಬಾಳಿಕೆಯದು. ಆದರೆ ಅದರಲ್ಲಿ ಲಿಥಿಯಂ ಹೋಗುವುದು ಒಂದೇ ದಿಕ್ಕಿನ ಸುರಂಗಗಳಲ್ಲಿ. ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಇಲ್ಲಿ ಕೆಟ್ಟು ನಿಲ್ಲುವ ಲಾರಿ ಎಂದರೆ ಲಿಥಿಯಂ ಜಾಗದಲ್ಲಿ ತಪ್ಪಿ ಬಂದು ಕೂತ ಕಬ್ಬಿಣದ ಅಯಾನು. ಉದ್ದ ಸುರಂಗದಲ್ಲಿ ಅಂಥ ಲಾರಿ ಒಂದಾದರೂ ಇದ್ದೇ ಇರುತ್ತದೆ. ಇದಕ್ಕೆ ಪರಿಹಾರ ಕಣವನ್ನೇ ಚಿಕ್ಕದು ಮಾಡುವುದು, ನೂರು ನ್ಯಾನೊಮೀಟರಿನ ಆಸುಪಾಸಿಗೆ. ಸುರಂಗ ಗಿಡ್ಡವಾದರೆ ಅಡ್ಡಿ ಸಿಗುವ ಸಂಭವ ಕಡಿಮೆ. ಜೊತೆಗೆ ಆ ವರ್ಗದ ನಿಯಮ: ದೂರ ಹತ್ತನೇ ಒಂದಾದರೆ ಸಮಯ ನೂರನೇ ಒಂದು. ಎಲೆಕ್ಟ್ರಾನಿಗೆ ದಾರಿಯಾಗಲೆಂದು ಕಣಗಳಿಗೆ ಇಂಗಾಲದ ತೆಳು ಲೇಪವನ್ನೂ ಕೊಡುತ್ತಾರೆ. 'ನ್ಯಾನೊ' ಎನ್ನುವ ಪದವನ್ನು ಸೋಪಿನ ಜಾಹೀರಾತಿನಲ್ಲೂ ಹಾಕುತ್ತಾರೆ, ಅದನ್ನು ನಂಬಬೇಡಿ. ಇಲ್ಲಿ ಅದಕ್ಕೆ ಲೆಕ್ಕದ ಕಾರಣವಿದೆ. ಹಾಗೆಂದು ಚಿಕ್ಕದಾದಷ್ಟೂ ಒಳ್ಳೆಯದು ಎಂದೂ ಅಲ್ಲ. ಚಿಕ್ಕ ಕಣಕ್ಕೆ ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಾದರೆ ಬೇಡದ ರಾಸಾಯನಿಕ ಕ್ರಿಯೆಯೂ ಹೆಚ್ಚು. ಒಂದು ಡಬ್ಬಿಗೆ ತುಂಬುವ ತೂಕವೂ ಕಡಿಮೆಯಾಗುತ್ತದೆ.

ಇನ್ನೊಂದು ದಡ ಗ್ರಾಫೈಟ್. ಇಲ್ಲಿ ಒಂದು ತಮಾಷೆ ನಡೆಯುತ್ತದೆ. ಮೊದಲ ಸಲ ಚಾರ್ಜ್ ಮಾಡಿದಾಗ ದ್ರವ ಸ್ವಲ್ಪ ಕೆಟ್ಟು ಗ್ರಾಫೈಟಿನ ಮೇಲೆ ಕೆನೆ ಕಟ್ಟುತ್ತದೆ. ದಪ್ಪ ಕೆಲವು ಹತ್ತು ನ್ಯಾನೊಮೀಟರುಗಳಷ್ಟೇ. ಅದರಲ್ಲಿ ಅಸ್ಫಟಿಕ ಭಾಗವೂ ಇದೆ, ನುಚ್ಚಿನಂಥ ಹರಳುಗಳೂ ಇವೆ. 1979ರಲ್ಲಿ ಇಮ್ಯಾನುಯೆಲ್ ಪೆಲೆಡ್ ಇದಕ್ಕೆ ಹೆಸರಿಟ್ಟರು, ನಾವು ಚಿಕ್ಕದಾಗಿ ಎಸ್‌ಇಐ ಎನ್ನುತ್ತೇವೆ. ಇದು ಲಿಥಿಯಂ ಅಯಾನನ್ನು ಬಿಡುತ್ತದೆ, ಎಲೆಕ್ಟ್ರಾನನ್ನು ತಡೆಯುತ್ತದೆ. ಎಲೆಕ್ಟ್ರಾನ್ ತಡೆಯುವುದರಿಂದಲೇ ದ್ರವ ಇನ್ನಷ್ಟು ಕೆಡುವುದು ನಿಲ್ಲುತ್ತದೆ. ಯಾರೂ ವಿನ್ಯಾಸ ಮಾಡದೆ ತಾನೇ ಕಟ್ಟಿದ ಈ ಕೆನೆ ಇಲ್ಲದಿದ್ದರೆ ಇವತ್ತಿನ ಮೊಬೈಲೇ ಇಲ್ಲ.

ಆದರೆ ಅದು ಪೂರ್ತಿ ನಿಲ್ಲುವುದೂ ಇಲ್ಲ. ದಿನ ಕಳೆದಂತೆ ನಿಧಾನವಾಗಿ ದಪ್ಪವಾಗುತ್ತ ಹೋಗುತ್ತದೆ, ದಪ್ಪವಾಗಲು ಲಿಥಿಯಂ ತಿನ್ನುತ್ತದೆ. ತಿಂದ ಲಿಥಿಯಂ ವಾಪಸ್ ಬರುವುದಿಲ್ಲ. ಬ್ಯಾಟರಿಗೆ ವಯಸ್ಸಾಯಿತು ಎಂದರೆ ಬಹಳ ಮಟ್ಟಿಗೆ ಇದೇ. ದಪ್ಪವಾದಷ್ಟೂ ಅದರ ಮೂಲಕ ಸಾಗುವುದು ಕಷ್ಟ, ಆದ್ದರಿಂದ ಬೆಳವಣಿಗೆಯೂ ನಿಧಾನ. ಅಲ್ಲೂ ಅದೇ ವರ್ಗಮೂಲ. ಬಿಸಿಯಾದರೆ ಮಾತ್ರ ಬಾಗಿಲು ಬೇಗ ಬೇಗ ತೆಗೆಯುತ್ತದೆ, ಕೆನೆಯೂ ಬೇಗ ಬೆಳೆಯುತ್ತದೆ.

ನನ್ನ ಸಹಪಾಠಿಯೊಬ್ಬ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಎಲೆಕ್ಟ್ರಿಕ್ ಆಟೊ ಓಡಿಸುತ್ತಾನೆ. ಸಾಲ ಮಾಡಿ ತಗೊಂಡ ಗಾಡಿ. ಹೋದ ಬೇಸಿಗೆಯಲ್ಲಿ ಬಂದಾಗ ಹಿಡಿದುಕೊಂಡ. "ಅಲ್ಲ ಕಣೋ, ಮಧ್ಯಾಹ್ನ ಊಟದ ಹೊತ್ತಿಗೆ ಹಾಕಿದ್ರೆ ಚಾರ್ಜೇ ಏರಲ್ಲ. ಬೆಳಗ್ಗೆ ಸರ್ರ್ ಅಂತ ಏರುತ್ತೆ. ಎರಡು ಟ್ರಿಪ್ ಹೋಯ್ತು ನಂಗೆ. ನಿಮ್ಮೋರೇ ಬೇಕೂಂತ ಹಿಂಗೆ ಮಾಡಿರೋದಾ?" ಅಂದ. ಅವನ ಗಾಡಿಯಲ್ಲಿರುವುದು ನಾನು ಬರೆದ ಪ್ರೋಗ್ರಾಮಲ್ಲ, ಆದರೆ ಆ ಕೆಲಸವನ್ನು ನಾವೆಲ್ಲರೂ ಮಾಡುತ್ತೇವೆ. "ಹೌದು ಕಣೋ, ಬೇಕೂಂತಲೇ ಮಾಡಿರೋದು" ಅಂದೆ. ಬೆಳಗ್ಗೆಯಿಂದ ಓಡಿದ ಬ್ಯಾಟರಿ ಆಗಲೇ ಬಿಸಿ. ಅದರ ಮೇಲೆ ಜೋರು ಕರೆಂಟು ಬಿಟ್ಟರೆ ಇನ್ನೂ ಬಿಸಿ. ಸಾಲದ ಕಂತು ಮುಗಿಯುವ ಮೊದಲೇ ಬ್ಯಾಟರಿ ಮುಗಿಯಬಾರದಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಕಂತು ಕಟ್ಟೋಕೆ ಆ ಎರಡು ಟ್ರಿಪ್ಪೂ ಬೇಕಲ್ಲೋ?" ಅಂದ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಎಷ್ಟು ಡಿಗ್ರಿ ದಾಟಿದರೆ ಕರೆಂಟು ಇಳಿಸಬೇಕು ಎಂಬುದು ಪ್ರೋಗ್ರಾಮಿನಲ್ಲಿ ಒಂದು ಸಾಲು, ಒಂದು ಸಂಖ್ಯೆ. ಆ ಸಂಖ್ಯೆ ಎರಡು ಡಿಗ್ರಿ ಮೇಲೆ ಹೋದರೆ ಯಾರದೋ ಇವತ್ತಿನ ಸಂಪಾದನೆ ಹೆಚ್ಚುತ್ತದೆ, ಅವರದೇ ಮೂರನೇ ವರ್ಷದ ಸಂಪಾದನೆ ಕಡಿಮೆಯಾಗುತ್ತದೆ. ಆ ಮಾತಾದ ಮೇಲೆ ನಮ್ಮ ತಂಡದಲ್ಲಿ ಒಂದು ಬದಲಾವಣೆಗೆ ಒತ್ತಾಯಿಸಿದೆ: ಚಾರ್ಜ್ ನಿಧಾನವಾದಾಗ ಗಾಡಿಯ ಪರದೆಯ ಮೇಲೆ "ಬ್ಯಾಟರಿ ಬಿಸಿಯಾಗಿದೆ, ಇಪ್ಪತ್ತು ನಿಮಿಷ ನೆರಳಲ್ಲಿ ನಿಲ್ಲಿಸಿ" ಎಂದು ಕನ್ನಡದಲ್ಲಿ ಬರಬೇಕು. ಈಗ ಬರುತ್ತದೆ.

ಈ ದ್ರವವನ್ನೇ ತೆಗೆದು, ನಡುವಿನ ಹೊಳೆಯ ಜಾಗಕ್ಕೂ ಘನವಸ್ತುವನ್ನೇ ಹಾಕಿದರೆ ಹೇಗೆ? ದ್ರವ ಹೊತ್ತಿಕೊಳ್ಳಬಲ್ಲದು, ಗಾಜು ಹೊತ್ತಿಕೊಳ್ಳುವುದಿಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಜಾನ್ ಬೇಟ್ಸ್ ತಂಡ 1990ರ ದಶಕದ ಆರಂಭದಲ್ಲಿ ಲಿಥಿಯಂ, ರಂಜಕ, ಆಕ್ಸಿಜನ್, ಸಾರಜನಕ ಸೇರಿದ ಗಾಜಿನಂಥ ಪದರವನ್ನು ಮಾಡಿತು, ಹೆಸರು ಲೈಪಾನ್. ಅಯಾನು ಸಾಗಿಸುವುದರಲ್ಲಿ ಅದು ದ್ರವಕ್ಕಿಂತ ಸಾವಿರಾರು ಪಟ್ಟು ಸೋಮಾರಿ. ಆದರೆ ಒಂದು ಮೈಕ್ರೊಮೀಟರಿನಷ್ಟು ತೆಳುವಾಗಿ ಬಳಿದರೆ ಸಾಕಾಗುತ್ತದೆ. ಅಸ್ಫಟಿಕವಾದ್ದರಿಂದ ಹರಳು ಹರಳುಗಳ ನಡುವಿನ ಬಿರುಕುಗೆರೆಗಳು ಅದರಲ್ಲಿಲ್ಲ. ಆದರೆ ಅಷ್ಟು ತೆಳು ಪದರ ಸಣ್ಣ ಬ್ಯಾಟರಿಗೆ ಸರಿ, ಆಟೊ ಓಡಿಸುವುದಕ್ಕೆ ಸಾಲದು. ಅಸ್ತವ್ಯಸ್ತವಾದದ್ದೆಲ್ಲ ಅಯಾನಿಗೆ ಒಳ್ಳೆಯ ದಾರಿ ಎಂದೂ ತಿಳಿಯಬೇಡಿ. ಸಿಲ್ವರ್ ಅಯೊಡೈಡ್ ಎಂಬ ಹರಳು 147 ಡಿಗ್ರಿ ದಾಟಿದರೆ ಅದರಲ್ಲಿ ಬೆಳ್ಳಿಯ ಅಯಾನು ಬಹುತೇಕ ದ್ರವದಲ್ಲಿದ್ದಂತೆ ಓಡಾಡುತ್ತದೆ, ಗಾಜುಗಳನ್ನೆಲ್ಲ ಹಿಂದೆ ಹಾಕಿ. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಜೆ. ರಾವ್ ಗಾಜುಗಳ ರಚನೆ ಮತ್ತು ಅವುಗಳೊಳಗಿನ ಅಯಾನುಗಳ ಚಲನೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. 2002ರಲ್ಲಿ ಬಂದ ಅವರ ದಪ್ಪ ಪುಸ್ತಕ ನನ್ನ ಮೇಜಿನ ಮೇಲಿದೆ. ಅರ್ಧದಷ್ಟು ನನಗೆ ಇನ್ನೂ ಕಬ್ಬಿಣದ ಕಡಲೆ.

ಕೊನೆಯದಾಗಿ ತೆಂಗಿನ ಚಿಪ್ಪು. ಲಿಥಿಯಂ ದುಬಾರಿ. ಸೋಡಿಯಂ ಅಗ್ಗ, ಸಮುದ್ರದ ತುಂಬ ಇದೆ. ಹಾಗಾದರೆ ಸೋಡಿಯಂ ಬ್ಯಾಟರಿ ಮಾಡಬಹುದಲ್ಲ? ಗ್ರಾಫೈಟಿನ ಪದರಗಳ ನಡುವೆ ಲಿಥಿಯಂ ಸಲೀಸಾಗಿ ಹೋಗಿ ಕೂರುತ್ತದೆ, ಸೋಡಿಯಂ ಸರಿಯಾಗಿ ಕೂರುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಶಿಸ್ತಿಲ್ಲದ ಇಂಗಾಲ. ಕೆಲವು ಇಂಗಾಲಗಳು ಎಷ್ಟು ಕಾಯಿಸಿದರೂ ಗ್ರಾಫೈಟ್ ಆಗುವುದಿಲ್ಲ ಎಂಬುದನ್ನು 1951ರಲ್ಲಿ ವಿಂಗಡಿಸಿ ತೋರಿಸಿದವರು ರೊಸಾಲಿಂಡ್ ಫ್ರಾಂಕ್ಲಿನ್. ಡಿಎನ್‌ಎ ಪಾಠದಲ್ಲಿ ಬರುತ್ತಾರಲ್ಲ, ಅವರೇ. ತೆಂಗಿನ ಚಿಪ್ಪನ್ನು ಗಾಳಿಯಿಲ್ಲದೆ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದರೆ ಸಿಗುವುದು ಅಂಥದೇ ಇಂಗಾಲ. 2000ನೇ ಇಸವಿಯಲ್ಲಿ ಸ್ಟೀವನ್ಸ್ ಮತ್ತು ಡಾನ್, ಇಂಥ ಇಂಗಾಲದಲ್ಲಿ ಸೋಡಿಯಂ ಚೆನ್ನಾಗಿ ಹೋಗಿ ಸೇರುತ್ತದೆ ಎಂದು ತೋರಿಸಿದರು. ಇಸ್ಪೀಟು ಎಲೆಗಳ ಮನೆ ಕುಸಿದುಬಿದ್ದಂತಿರುತ್ತದೆ ಅದರ ರಚನೆ, ನಡುನಡುವೆ ನ್ಯಾನೊಮೀಟರ್ ಗಾತ್ರದ ಪೊಟರೆಗಳು. ಸೋಡಿಯಂ ಮೊದಲು ಎಲೆಗಳ ನಡುವೆ ನುಸುಳುತ್ತದೆಯೋ, ಪೊಟರೆಗಳನ್ನು ತುಂಬುತ್ತದೆಯೋ, ಯಾವುದು ಯಾವಾಗ ಎಂಬ ಬಗ್ಗೆ ವಿಜ್ಞಾನಿಗಳು ವರ್ಷಗಟ್ಟಲೆ ವಾದ ಮಾಡುತ್ತ ಬಂದಿದ್ದಾರೆ. ಕೊಬ್ಬರಿ ಸುಲಿದ ಮೇಲೆ ನಮ್ಮ ಮನೆಗಳ ಹಿತ್ತಲಲ್ಲಿ ರಾಶಿ ಬಿದ್ದಿರುತ್ತದಲ್ಲ, ನೀರೊಲೆಗೆ ಹಾಕುತ್ತೇವಲ್ಲ, ಆ ಚಿಪ್ಪಿನ ಬಗ್ಗೆಯೇ ಈ ವಾದ.

ಹತ್ತನೇ ತರಗತಿಯವರಿಗಾಗಿ ಬಿಚ್ಚಿದ ಬ್ಯಾಟರಿ ಪೆಟ್ಟಿಗೆಯೊಂದನ್ನು ತಂದು ಲ್ಯಾಬಿನಲ್ಲಿ ಇಟ್ಟಿದ್ದೇನೆ, ಅದರಲ್ಲಿ ಕರೆಂಟಿಲ್ಲ, ಮುಟ್ಟಿ ನೋಡಬಹುದು. ಊಟವಾದ ಮೇಲೆ ಅಲ್ಲೇ ಇರುತ್ತೇನೆ, ಬನ್ನಿ.